ನವಣೆಯವರು, ನುಚ್ಚಿನವರು

ಶೈಲಶ್ರೀ ಮೇಡಂಗೆ ಸಿಟ್ಟು ಬರಲು ಕಾರಣವೇ ಬೇಕಿಲ್ಲ ಎಂದು ರಾಯಚೂರಿನ ಆ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಒಂದು ಮಾತಿದೆ. ಶುದ್ಧ ಸುಳ್ಳು. ಕಾರಣವಿಲ್ಲದೆ ಅವಳು ಒಂದು ದಿನವೂ ಸಿಟ್ಟಾದವಳಲ್ಲ. ಕಾರಣಗಳು ಕಾಲಿಗೆ ತೊಡರುವಷ್ಟು ಬಿದ್ದಿರುವ ಈ ಲೋಕದಲ್ಲಿ ಉಳಿದವರೆಲ್ಲ ಹಲ್ಲು ಕಿಸಿಯುತ್ತ ಚಹಾ ಕುಡಿಯುವುದು ಹೇಗೆ ಎಂಬುದೇ ಅವಳಿಗೆ ಅರ್ಥವಾಗದ ಸಂಗತಿ.

ಅವಳು ಇತಿಹಾಸ ಕಲಿಸುತ್ತಾಳೆ. ಪಠ್ಯದಲ್ಲಿ ಪ್ರಾಚೀನ ಗ್ರೀಸಿನದು ಒಂದು ಅಧ್ಯಾಯ. ಅದರೊಳಗೆ, ಗ್ರೀಸಿನ ಉತ್ತರಕ್ಕೆ ಗುಡ್ಡಗಾಡಿನಲ್ಲಿ ಥ್ರೇಸಿಯನ್ನರೆಂಬ ಜನ ಇದ್ದರು ಎಂದು ಒಂದೂವರೆ ಸಾಲು. ಉಳಿದ ಕಾಲೇಜುಗಳಲ್ಲಿ ಆ ಒಂದೂವರೆ ಸಾಲನ್ನು ಓದಿ ಪುಟ ತಿರುವುತ್ತಾರೆ. ಶೈಲಶ್ರೀ ಅದಕ್ಕೆ ಒಂದು ವಾರ ತೆಗೆದುಕೊಳ್ಳುತ್ತಾಳೆ. ಪ್ರಿನ್ಸಿಪಾಲರು ಕರೆದು ಕೇಳಿದರೆ, "ಒಂದೂವರೆ ಸಾಲಿನಾಗ ಮುಗಿಸಾಕ ಅವರೇನು ಇರಿವಿ ಸಾಲೇನ್ರಿ?" ಎನ್ನುತ್ತಾಳೆ. ಪ್ರಿನ್ಸಿಪಾಲರು ಕರೆಯುವುದನ್ನೇ ಬಿಟ್ಟಿದ್ದಾರೆ.

ಆ ವಾರ ಮಾತ್ರ ಹಿಂದಿನ ಬೆಂಚಿನವರೂ ಮೊಬೈಲು ಒಳಗಿಡುತ್ತಾರೆ. ಬೋರ್ಡಿನ ತುಂಬ ಹೆಸರು. ಒಡ್ರಿಸಿ, ಬೆಸ್ಸಿ, ತ್ರೌಸಿ, ಗೆಟೆ, ಹೀಗೆ ಹತ್ತಾರು ಕುಲ.

"ಈ ಹೆಸರು ಅವರಿಗೆ ಯಾರಿಟ್ರು?" ಎಂದು ಕೇಳುತ್ತಾಳೆ.

ಒಬ್ಬನಾದರೂ ಪ್ರತಿ ವರ್ಷ ಎದ್ದು, "ಅವರಪ್ಪ ಅವ್ವ ಇಟ್ಟಿರಬೇಕ್ರಿ ಮೇಡಂ" ಎನ್ನುತ್ತಾನೆ.

"ಕೂಡ್ರು. ನಿನ್ನ ಹೆಸರು ನಿಮ್ಮಪ್ಪ ಇಟ್ಟಾನ. ಅವರ ಹೆಸರು ಬಾಜೂಮನಿಯವ ಇಟ್ಟಾನ."

ಅಲ್ಲಿಂದ ಶುರು. ಥ್ರೇಸಿಯನ್ನರು ಎಂಬುದೇ ಗ್ರೀಕರು ಕರೆದ ಹೆಸರು. ಆ ಎಲ್ಲ ಕುಲಗಳೂ ಸೇರಿ ತಮ್ಮನ್ನು ತಾವು ಏನೆಂದು ಕರೆದುಕೊಂಡರೋ, ಕರೆದುಕೊಂಡರೋ ಇಲ್ಲವೋ, ಯಾರಿಗೂ ಗೊತ್ತಿಲ್ಲ. ಸ್ಟ್ರೈಮನ್ ನದಿಯ ದಂಡೆಗಿದ್ದವರು ಸ್ಟ್ರೈಮೋನಿಯರು. ಅವರೇ ನದಿ ಬಿಟ್ಟು ಸಮುದ್ರದಾಚೆ ಹೋದ ಮೇಲೆ ಬಿಥಿನಿಯನ್ನರಾದರು. ಇನ್ನು ಕೆಲವರಿಗೆ ಗ್ರೀಕರು ಬರೆದ ಹೆಸರು ಮೆಲಿನೊಫಾಗಿ, ಅಂದರೆ ನವಣೆ ತಿನ್ನುವವರು. ಗೋದಿ ತಿನ್ನುವವರು ದಾರಿಯಲ್ಲಿ ಹೋಗುತ್ತ ನವಣೆ ತಿನ್ನುವವರನ್ನು ಕಂಡರು, ಮೂಗು ಮುರಿದರು, ಬರೆದರು. ಎರಡೂವರೆ ಸಾವಿರ ವರ್ಷದಿಂದ ಆ ಜನ ನವಣೆ ತಿನ್ನುವವರಾಗಿಯೇ ಉಳಿದಿದ್ದಾರೆ. ಅವರು ಹಾಡುತ್ತಿದ್ದರೋ, ಕುದುರೆ ಸಾಕುತ್ತಿದ್ದರೋ, ಅವರ ಹಿರಿಯನ ಹೆಸರೇನೋ, ಯಾವುದೂ ಇಲ್ಲ. ಒಂದು ಹೊತ್ತಿನ ಊಟ ಇಡೀ ಕುಲದ ಹೆಸರಾಗಿ ಕೂತಿತು.

"ಅವರಿಗೆ ಬರಿಯಾಕ ಬರ್ತಿದ್ದಿಲ್ಲೇನ್ರಿ?" ಎಂದು ಯಾವಳಾದರೂ ಜಾಣೆ ಕೇಳುತ್ತಾಳೆ.

ಬರೆದದ್ದು ಬಹಳ ಕಡಿಮೆ. ನೂರು ವರ್ಷದ ಕೆಳಗೆ ಬಲ್ಗೇರಿಯಾದ ಒಂದು ದಿಬ್ಬದಲ್ಲಿ ಚಿನ್ನದ ಉಂಗುರವೊಂದು ಸಿಕ್ಕಿತು. ಅಕ್ಷರ ಗ್ರೀಕರದು, ಮಾತು ಇವರದು. ಅಕ್ಷರ ಓದಬಹುದು, ಏನು ಹೇಳುತ್ತದೆ ಎಂಬುದರಲ್ಲಿ ಇವತ್ತಿಗೂ ಪಂಡಿತರಲ್ಲಿ ಒಮ್ಮತವಿಲ್ಲ. ಇಷ್ಟು ಹೇಳಿ ಶೈಲಶ್ರೀ ಸೀಮೆಸುಣ್ಣವನ್ನು ಮೇಜಿನ ಮೇಲೆ ಕುಕ್ಕಿ, ವರ್ಷವರ್ಷವೂ ಹೇಳುವ ಆ ಮಾತನ್ನು ಹೇಳುತ್ತಾಳೆ: "ತನ್ನ ಹೆಸರು ತಾನು ಬಾಯಿಬಿಟ್ಟು ಹೇಳದ ಜನಕ್ಕೆ ಕಂಡವರು ಹೆಸರಿಡುತ್ತಾರೆ. ಬರಕೊಳ್ರಿ."

ಹುಡುಗರು ಬರೆದುಕೊಳ್ಳುತ್ತಾರೆ. ಇಷ್ಟೊಂದು ಸಿಟ್ಟು ಎಲ್ಲಿಂದ ಬಂತು ಎಂದು ಅವರಿಗೆ ಗೊತ್ತಿಲ್ಲ. ಸಿಟ್ಟು ಬಂದದ್ದು ಮಾನ್ವಿಯಿಂದ.

ಮಾನ್ವಿಯಿಂದ ಚೀಕಲಪರ್ವಿಗೆ ಹೋಗುವ ರಸ್ತೆಯಲ್ಲಿ ಒಂದು ಅಕ್ಕಿಗಿರಣಿ, ಅದರ ಹಿಂದೆ ಕಾಲುವೆ, ಕಾಲುವೆಯ ಆಚೆ ಅವಳ ಊರು. ಊರು ಎಂದರೆ ತಗಡು, ಹೆಂಚು, ಈಚೆಗೆ ಆರ್‌ಸಿಸಿ ಸೇರಿ ನಾಲ್ಕು ಸಾಲು ಮನೆ. ತುಂಗಭದ್ರಾ ಕಾಲುವೆ ತೋಡುವ ಕಾಲಕ್ಕೆ ದೇವದುರ್ಗದ ಕಡೆಯ ಕೃಷ್ಣೆಯ ದಂಡೆಯಿಂದ ಅಂಬಣ್ಣ ಎಂಬ ಹಿರಿಯ ತನ್ನ ಜನರನ್ನು ಕಟ್ಟಿಕೊಂಡು ಇಲ್ಲಿಗೆ ಬಂದ. ಮಣ್ಣು ಹೊತ್ತರು, ಕಾಲುವೆ ಮುಗಿಯಿತು, ಹೋಗಲು ಮನಸ್ಸಾಗಲಿಲ್ಲ, ಉಳಿದರು. ದೇವದುರ್ಗದ ಸೀಮೆಯಲ್ಲಿ ಇಂಥ ಸಣ್ಣ ಊರಿಗೆ ದೊಡ್ಡಿ ಎನ್ನುತ್ತಾರೆ. ಇವರೂ ತಮ್ಮದನ್ನು ಅಂಬಣ್ಣನ ದೊಡ್ಡಿ ಎಂದರು. ಅಂಬಣ್ಣ ತೀರಿಕೊಂಡ ಮೇಲೆ ಊರ ಮುಂದಿನ ಬೇವಿನ ಗಿಡದ ಕೆಳಗೆ ಗದ್ದಿಗೆ ಕಟ್ಟಿದರು. ಮನೆಗೊಬ್ಬ ಮಗನಿಗಾದರೂ ಆತನ ಹೆಸರಿಟ್ಟರು. ದೊಡ್ಡ ಅಂಬಣ್ಣ, ಸಣ್ಣ ಅಂಬಣ್ಣ, ಕರೇ ಅಂಬಣ್ಣ, ಮಿಲ್ಲಿನ ಅಂಬಣ್ಣ.

ಇಲ್ಲೇ ಎಡವಟ್ಟಾದದ್ದು. ಆ ಊರಿಗೆ ಸೊಸೆಯಾಗಿ ಬಂದ ಯಾವ ಹೆಂಗಸಿಗೂ ಗಂಡನೋ ಮಾವನೋ ಭಾವನೋ ಒಬ್ಬ ಅಂಬಣ್ಣ ಇದ್ದೇ ಇದ್ದ. ಗಂಡನ ಹೆಸರು, ಗಂಡನ ಕಡೆಯ ಹಿರಿಯರ ಹೆಸರು ಹೆಂಗಸರು ಬಾಯಿಂದ ಆಡುವಂತಿಲ್ಲ. ಹಾಗಾಗಿ ತಮ್ಮೂರಿನ ಹೆಸರನ್ನು ತಮ್ಮೂರಿನ ಹೆಂಗಸರೇ ಹೇಳುತ್ತಿರಲಿಲ್ಲ. "ನಮ್ ದೊಡ್ಡಿ" ಎನ್ನುತ್ತಿದ್ದರು. ಕಂಡಕ್ಟರು ಕೇಳಿದರೆ "ಮಿಲ್ ಹತ್ರ ಇಳಿಸ್ರಿ" ಎನ್ನುತ್ತಿದ್ದರು.

ಹೆಂಗಸರೆಲ್ಲ ಆ ಗಿರಣಿಯಲ್ಲೇ ಕೆಲಸಕ್ಕೆ ಹೋಗುತ್ತಿದ್ದರು. ಸಂಜೆ ಅಂಗಳ ಗುಡಿಸಿ, ಮಣ್ಣಿನೊಂದಿಗೆ ಬಂದ ನುಚ್ಚಕ್ಕಿಯನ್ನು ಕೇರಿ ಸೆರಗಿನಲ್ಲಿ ಕಟ್ಟಿಕೊಂಡು ಬರುತ್ತಿದ್ದರು. ಮಾಲಕರೇ ಒಯ್ಯಿರಿ ಎಂದದ್ದು. ಆದರೂ ಹೆಸರು ಬಿತ್ತು. ರಸ್ತೆಯವರಿಗೆ, ಬಸ್ಸಿನವರಿಗೆ, ಸುತ್ತಲ ಊರಿನವರಿಗೆ ಅದು ನುಚ್ಚಿನವರ ಕ್ಯಾಂಪು.

ಮಾನ್ವಿಯ ಹೈಸ್ಕೂಲಿನಲ್ಲಿ ಶೈಲಶ್ರೀ ಒಳಗೆ ಕಾಲಿಟ್ಟರೆ, "ನುಚ್ಚು ಬಂತಲೇ" ಎಂಬ ಸ್ವಾಗತ. ಒಮ್ಮೆ ಹಾಗೆಂದವನ ಕೈಗೆ ಹಲ್ಲು ಮೂಡುವಂತೆ ಕಚ್ಚಿದ್ದಳು. ಹೆಡ್‌ಮಾಸ್ತರರು ಕಚ್ಚಿದವಳನ್ನು ಬಿಸಿಲಲ್ಲಿ ನಿಲ್ಲಿಸಿದರು, ಅಂದವನನ್ನು ನೆರಳಲ್ಲಿ ಕೂರಿಸಿದರು. ಇತಿಹಾಸದ ಸತ್ಯಭಾಮಾಬಾಯಿ ಟೀಚರು ಮಾತ್ರ ಬಂದು ಅವಳನ್ನು ಒಳಗೆ ಕರೆದುಕೊಂಡು ಹೋಗಿ, ನೀರು ಕೊಟ್ಟು, "ಊರು ಯಾವುದವ್ವಾ ನಿಂದು?" ಎಂದು ಕೇಳಿದರು.

"ಅಂಬಣ್ಣನ ದೊಡ್ಡಿರಿ."

"ಛಲೋ ಹೆಸರದ" ಎಂದರು ಬಾಯಿಯವರು. ಅಷ್ಟೇ. ಆ ಒಂದು ಮಾತಿಗೆ ಶೈಲಶ್ರೀ ಇತಿಹಾಸ ಓದಿದಳು ಎಂದರೆ ತಪ್ಪಿಲ್ಲ.

ಎಂ.ಎ.ಗೆ ಪ್ರಬಂಧದ ವಿಷಯ ಹಂಚುವಾಗ ಉಳಿದವರು ರಾಯಚೂರು ಕೋಟೆ, ಅಲ್ಲಿನ ಶಾಸನ, ದೋಆಬಿನ ಯುದ್ಧ ಎಂದು ಹೊಡೆದಾಡಿ ತೆಗೆದುಕೊಂಡರು. ಇವಳಿಗೆ ಎಲ್ಲರೂ ಬೇಡವೆಂದದ್ದು ಬಂತು: ಪ್ರಾಚೀನ ಥ್ರೇಸಿನ ಕುಲಗಳು ಮತ್ತು ಅವುಗಳ ಹೆಸರಿನ ಮೂಲ. ಸಿಟ್ಟಿನಿಂದಲೇ ಗ್ರಂಥಾಲಯಕ್ಕೆ ಹೋದಳು. ನವಣೆ ತಿನ್ನುವವರು ಎಂಬ ಸಾಲು ಕಣ್ಣಿಗೆ ಬಿದ್ದಾಗ ಮೈಯೆಲ್ಲ ಬಿಸಿಯಾಯಿತು. ಎಲ್ಲಿಯ ಥ್ರೇಸು, ಎಲ್ಲಿಯ ಮಾನ್ವಿ! ಅಲ್ಲೂ ಅದೇ ಹಲ್ಕಟ್ಟು ಬುದ್ಧಿ.

ಅವತ್ತೇ ಅವಳೊಂದು ತೀರ್ಮಾನಕ್ಕೆ ಬಂದಳು. ತಪ್ಪು ಇಟ್ಟವರದ್ದು ಹೌದು. ಹೇಳದೆ ಕೂತವರದ್ದೂ ಹೌದು. ಮದುವೆಯಾದ ಮರುದಿನವೇ, ರಾಯಚೂರಿನ ತೀನ್ ಕಂದೀಲು ವೃತ್ತದ ಹತ್ತಿರದ ಮನೆಯಲ್ಲಿ, ಬೀಗರು ಬಿಜ್ಜರು ಕೂತಿರುವಾಗ, "ಚನ್ನವೀರ, ಚಹಾ ಆರಾಕತ್ತದ ನೋಡು" ಎಂದು ಗಂಡನನ್ನು ಹೆಸರು ಹಿಡಿದು ಕೂಗಿದಳು. ಔಷಧದಂಗಡಿಯ ಚನ್ನವೀರ ನಕ್ಕು ಬಂದು ಚಹಾ ಕುಡಿದ. ಅವಳ ತಾಯಿ ಹಂಪಮ್ಮ ಎರಡೂ ಕಿವಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿ ಕೂತಳು.

ಈ ಬೇಸಿಗೆಯಲ್ಲಿ ತಮ್ಮ ದುರುಗೇಶ ಮೊಬೈಲಿಗೆ ಒಂದು ಫೋಟೋ ಕಳಿಸಿದ. ಗಿರಣಿಯ ಕಂಪೌಂಡಿಗೆ ಅಂಟಿಸಿದ ಸರಕಾರಿ ನೋಟೀಸು. ದಾಖಲೆಯಿಲ್ಲದ ಊರುಗಳನ್ನು ಕಂದಾಯ ಗ್ರಾಮ ಮಾಡಿ ಮನೆಗಳಿಗೆ ಹಕ್ಕುಪತ್ರ ಕೊಡುತ್ತಾರೆ. ಇವರ ಊರೂ ಅದರಲ್ಲಿದೆ. ಸಂತೋಷದ ಸುದ್ದಿಯೇ. ಕೆಳಗೆ ಗ್ರಾಮದ ಹೆಸರು: ನುಚ್ಚಿನವರ ಕ್ಯಾಂಪು. ಅದರ ಕೆಳಗೆ ಇನ್ನೊಂದು ಸಾಲು: "ಸ್ಥಳ ಪರಿಶೀಲನೆ ಮಾಡಿ ಗ್ರಾಮಸ್ಥರನ್ನು ವಿಚಾರಿಸಲಾಗಿ ಬೇರೆ ಹೆಸರು ಇರುವುದಿಲ್ಲವೆಂದು ತಿಳಿದುಬಂದಿರುತ್ತದೆ."

ಶೈಲಶ್ರೀ ಫೋನು ಹಚ್ಚಿದಳು. "ಯಾವ ಭಾಡ್ಯಾ ಹೇಳ್ಯಾನ ಬ್ಯಾರೆ ಹೆಸರಿಲ್ಲ ಅಂತ?"

"ಅಕ್ಕಾ, ಭಾಡ್ಯಾ ಅಲ್ಲ. ಯವ್ವ" ಎಂದ ದುರುಗೇಶ. "ಸರ್ವೇದಾಂವ ಬಂದಾಗ ನಾವೆಲ್ಲ ಹಮಾಲಿಗಿ ಹೋಗಿದ್ವಿ. ಯವ್ವ ಇದ್ಳು. ಹೆಬ್ಬೆಟ್ಟು ಒತ್ಯಾಳ. ಈಗ ತಿದ್ದಬೇಕಂದ್ರ ಆಕೀನ ಬಂದು ಹೇಳ್ಬೇಕಂತ. ಶುಕ್ರವಾರ ವಿಚಾರಣಿ ಅದ. ನೀ ಅದನ್ನ ಕೆದರಬ್ಯಾಡಕ್ಕಾ, ಪಟ್ಟಾ ನಿಂತಗಿಂತೀತು. ಹೆಸರಿನಾಗೇನದ?"

"ನಿನ್ ಮಗಳ ಸಾಲಿ ದಾಖಲಿಗಿ ನುಚ್ಚು ಅಂತ ಬರಸ್ತೀ ಏನಲೇ?" ಎಂದು ಅವಳು ಚೀರಿದ್ದಕ್ಕೆ ಕೆಳಗಿನ ಅಂಗಡಿಯಿಂದ ಚನ್ನವೀರ ಮೇಲೆ ಬಂದು ನೋಡಿದ.

ಗುರುವಾರ ಬೆಳಗಿನ ಬಸ್ಸಿಗೆ ಅವಳು ಮಾನ್ವಿಗೆ ಹೊರಟಳು. ದಾರಿಯುದ್ದಕ್ಕೂ ಗದ್ದೆಗಳು ಕೊಯ್ಲಾಗಿ ಬೋಳಾಗಿದ್ದವು, ಒಂಬತ್ತಕ್ಕೇ ಬಿಸಿಲು ಕಿಟಕಿಯ ಕಂಬಿ ಕಾಯಿಸಿತ್ತು. ಹಕ್ಕುಪತ್ರ, ಆಧಾರು, ರೇಷನ್ನು, ಮಕ್ಕಳ ಟಿಸಿ, ಊರಿನ ಬೋರ್ಡು, ಇನ್ನು ಎಲ್ಲದರ ಮೇಲೂ ಅದೇ ಹೆಸರು. ಇಷ್ಟು ದಿನ ಬಾಯಿಮಾತಿನ ಬೈಗುಳವಾಗಿದ್ದದ್ದು ಇನ್ನು ಸರಕಾರದ ಮುದ್ರೆ ಹೊತ್ತು ಬರುತ್ತದೆ. ಒಮ್ಮೆ ಕೂತರೆ ಮುಗಿಯಿತು. ನವಣೆಯವರದು ಇನ್ನೂ ಎದ್ದಿಲ್ಲ.

ಹಂಪಮ್ಮ ಜಗಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದಳು. ಮಗಳು ಚಪ್ಪಲಿ ಕೂಡ ಬಿಡಲಿಲ್ಲ.

"ಯವ್ವಾ, ಸರ್ವೇದಾಂವಗ ಊರ ಹೆಸರು ಯಾಕ ಹೇಳಲಿಲ್ಲ?"

"ಹೇಳೀನಿ" ಎಂದಳು ಹಂಪಮ್ಮ, ತಲೆಯೆತ್ತದೆ.

"ಏನಂತ ಹೇಳೀದಿ?"

ಹಂಪಮ್ಮ ಗದ್ದವನ್ನು ಬೇವಿನ ಗಿಡದ ಕಡೆ ಎತ್ತಿದಳು. ಅಲ್ಲಿ ಸುಣ್ಣ ಬಳಿದ ಗದ್ದಿಗೆ ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. "ಅಕಾ, ಆ ಗದ್ದಿಗ್ಯಾಗ ಅದಾರಲ್ಲ, ಅವರ ಹೆಸರು ನಮ್ಮೂರಿಗಿ ಅಂದೆ. ಅಲ್ಲೇ ಅದ, ಹೋಗಿ ನೋಡ್ಕೋ ತಮ್ಮಾ ಅಂದೆ. ಹೂಂ ಅಂದ. ಹೆಬ್ಬೆಟ್ಟು ಒತ್ತಂದ, ಒತ್ತಿದೆ."

"ಅದು ಹೇಳೋದೇನಬೇ? ಅದು ಹೇಳೋದಾ?" ಶೈಲಶ್ರೀಯ ದನಿ ಓಣಿಯ ಆ ತುದಿಗೆ ಮುಟ್ಟಿತು. "ಬಾಯಿಬಿಟ್ಟು ಅಂಬಣ್ಣನ ದೊಡ್ಡಿ ಅನ್ನಾಕ ನಿನಗೇನಾಗಿತ್ತು? ಅಪ್ಪ ಸತ್ತು ಎಷ್ಟು ವರ್ಷಾತು! ಇನ್ನೂ ಯಾರಿಗಿ ಅಂಜಾಕತ್ತೀ?"

ಅಂಬಣ್ಣನೆಂಬ ಮಾತು ಬಿದ್ದೊಡನೆ ಹಂಪಮ್ಮ ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡಳು. "ಅಂಜಿಕಿ ಅಲ್ಲ. ಹೋದವರನ್ನ ಹೆಸರು ಹಿಡಿದು ಕರದ್ರ ಅವರು ಎದ್ದು ಕೂಡ್ತಾರ. ಮಲಗ್ಲಿ. ದಣದಾರ."

ಇದನ್ನು ಕೇಳಿ ಬೇರೆ ಯಾರಾದರೂ ಸುಮ್ಮನಾಗುತ್ತಿದ್ದರು. ಶೈಲಶ್ರೀಗೆ ತಲೆ ಸಿಡಿಯಿತು. ತರಗತಿಯಲ್ಲಿ ಹುಡುಗರಿಗೆ ಹೇಳುವ ಮಾತನ್ನು ತಾಯಿಯ ಮುಖಕ್ಕೆ ಎಸೆದಳು.

"ಬಾಯಿ ಬಿಡದವರಿಗೆ ಕಂಡವರು ಹೆಸರಿಡ್ತಾರ ಯವ್ವಾ. ಇಟ್ಟಾರ ನೋಡು. ಇನ್ನ ನಿನ್ನ ಮೊಮ್ಮಕ್ಕಳು ಸಾಯೋತನಾ ನುಚ್ಚಿನೋರು. ನಿನ್ನ ಹೆಬ್ಬೆಟ್ಟಿನ ಪುಣ್ಯ!"

ಹಂಪಮ್ಮನ ಕೈ ಹುಣಸೆಹಣ್ಣಿನ ಮೇಲೆ ನಿಂತಿತು. ಮಗಳನ್ನು ಒಮ್ಮೆ ನೋಡಿದಳು. ಎದ್ದು ಒಳಗೆ ಹೋದಳು. ಊಟಕ್ಕೆ ಬಡಿಸಿದಳು, ಹಾಸಿಗೆ ಹಾಸಿದಳು, ಮಾತಾಡಲಿಲ್ಲ. ಶೈಲಶ್ರೀಯೂ ಆಡಲಿಲ್ಲ. ತಪ್ಪು ಅವ್ವನದು, ಅವ್ವನೇ ಆಡಲಿ ಎಂದುಕೊಂಡಳು.

ಶುಕ್ರವಾರದ ವಿಚಾರಣೆ ಪಕ್ಕದ ಊರಿನ ಸಮುದಾಯ ಭವನದಲ್ಲಿ. ಫ್ಯಾನಿನ ಕೆಳಗೆ ಮೇಜು, ಮೇಜಿನ ಹಿಂದೆ ವಿಚಾರಣೆಗೆ ಬಂದ ಅಧಿಕಾರಿ. ನಡುವಯಸ್ಸಿನ ಹೆಣ್ಣುಮಗಳು, ಮುಂದೆ ಇನ್ನೆರಡು ಊರಿನ ಕೆಲಸ ಇತ್ತು, ಗಡಿಯಾರ ನೋಡುತ್ತಲೇ ಇದ್ದಳು. ಪಕ್ಕದಲ್ಲಿ ಸರ್ವೇ ಮಾಡಿದ ಬೀರೇಶ. ಗುತ್ತಿಗೆ ಏಜೆನ್ಸಿಯ ನೌಕರ, ಕೊರಳಿಗೆ ಐಡಿ ಕಾರ್ಡು, ಕಣ್ಣಿಗೆ ಕರೀ ಕನ್ನಡಕ. ದೊಡ್ಡಿಯ ಗಂಡಸರು ಒಂದು ಕಡೆ ನಿಂತಿದ್ದರು, ಹೆಂಗಸರು ಒಂದು ಕಡೆ ಕೂತಿದ್ದರು.

ಶೈಲಶ್ರೀ ಎದ್ದು ಶುರು ಮಾಡಿದಳು. ಕಾಲುವೆ, ದೇವದುರ್ಗ, ಹಿರಿಯ, ಗಿರಣಿ. ಚೆನ್ನಾಗಿಯೇ ಮಾತಾಡಿದಳು. ಅಧಿಕಾರಿ ಕೈಯೆತ್ತಿದಳು.

"ನೀವು ಇದೇ ಊರಾಗ ಇರ್ತೀರೇನ್ರಿ?"

"ಹುಟ್ಟಿದ್ದಿಲ್ಲಿ. ಈಗ ರಾಯಚೂರು."

"ಹಂಗಾದ್ರ ನಿಮ್ಮ ಹೇಳಿಕಿ ಬರಂಗಿಲ್ಲ ಮೇಡಂ. ಕೂಡ್ರಿ."

ತನ್ನ ಊರಿನ ಹೆಸರು ಹೇಳಲು ತನಗೇ ಹಕ್ಕಿಲ್ಲ! ಶೈಲಶ್ರೀಯ ಕಿವಿ ಕೆಂಪಾಯಿತು. ಅಧಿಕಾರಿ ಗಂಡಸರನ್ನು ಕೇಳಿದಳು. ದುರುಗೇಶ ತಲೆ ತುರಿಸಿಕೊಂಡು, "ಅಂಬಣ್ಣನ ದೊಡ್ಡಿ ಅಂತೀವ್ರಿ. ಆದ್ರ ಯಾವುದಾದ್ರೂ ನಡೀತದ, ಪಟ್ಟಾ ಜಲ್ದಿ ಕೊಟ್ಬಿಡ್ರಿ" ಎಂದ. ನಡೀತದಂತೆ! ಹೇಳಿದ ಹೆಸರನ್ನು ಅದೇ ಬಾಯಲ್ಲಿ ನೀರಿಗೆ ಹಾಕಿದ. ಎದ್ದು ಹೋಗಿ ತಮ್ಮನ ಕಿವಿ ಹಿಂಡಬೇಕು ಎನಿಸಿತು ಅವಳಿಗೆ.

"ಅಂದ್ರ ತಕರಾರಿಲ್ಲ. ಮೊದಲಿನ ಹೇಳಿಕಿ ಕೊಟ್ಟ ಹಂಪಮ್ಮ ಯಾರು?"

ಹಂಪಮ್ಮ ಎದ್ದು ನಿಂತಳು.

"ಯವ್ವಾ, ನಿಮ್ಮೂರಿಗಿ ಬ್ಯಾರೆ ಹೆಸರಿಲ್ಲಂತ ನೀವು ಹೆಬ್ಬೆಟ್ಟು ಒತ್ತೀರಿ. ಅದು ತಪ್ಪಿದ್ರ ಈಗ ಹೇಳ್ರಿ. ಹೆಸರೇನು?"

ಹಂಪಮ್ಮ ಬಾಯಿ ತೆರೆಯಲಿಲ್ಲ. ಹಿಂದೆ ಕೂತ ಹೆಂಗಸರೆಲ್ಲ, ತಮ್ಮನ್ನೇ ಕೇಳಿದರೆ ಎಂಬ ದಿಗಿಲಿಗೆ ಸೆರಗು ಮುಂದಕ್ಕೆಳೆದರು. ಗಂಡಸರು ನೆಲ ನೋಡಿದರು.

"ಯವ್ವಾ, ಹೇಳಬೇ" ಎಂದು ಶೈಲಶ್ರೀ ಹಲ್ಲು ಕಚ್ಚಿ ಪಿಸುಗುಟ್ಟಿದಳು. "ಎರಡು ಮಾತು. ಎರಡೇ ಮಾತು."

ಅಧಿಕಾರಿ ಪೆನ್ನಿನ ಮುಚ್ಚಳ ಹಾಕತೊಡಗಿದಳು. "ಹೇಳೋದಿಲ್ಲಂದ್ರ ಇದನ್ನ ಖಾಯಂ ಮಾಡ್ತೀನಿ ಮತ್ತ."

ಆಗ ಹಂಪಮ್ಮ ತಿರುಗಿದಳು. ಅಧಿಕಾರಿಯ ಕಡೆಗಲ್ಲ, ಬೀರೇಶನ ಕಡೆ.

"ತಮ್ಮಾ, ನೀ ಬಂದ ದಿನ ನಾ ಏನಂದೆ, ಹೇಳು."

ಬೀರೇಶ ಕನ್ನಡಕ ತೆಗೆದ. "ಏನಂದ್ರಿ... ಹೆಸರು ಹೇಳಲಿಲ್ಲ ಬಿಡ್ರಿ ನೀವು."

"ಏನಂದೆ ಅದನ್ನ ಹೇಳು. ನಿನಗ ಮಜ್ಜಿಗಿ ಕೊಟ್ಟೀನಿ, ನೆರಳಿಗಿ ಹಾಸೀನಿ. ಸುಳ್ಳಾಡಬ್ಯಾಡ."

ಅವಳ ದನಿ ಏರಿರಲಿಲ್ಲ. ಆದರೆ ಆ ದನಿ ಶೈಲಶ್ರೀಗೆ ಹೊಸದು. ಮಗಳ ಸಿಟ್ಟು ಊರಿಗೆಲ್ಲ ಗೊತ್ತು. ತಾಯಿಗೂ ಸಿಟ್ಟಿದೆ ಎಂಬುದು, ಮತ್ತು ಅದು ಮೊದಲಿನಿಂದಲೂ ಇತ್ತು ಎಂಬುದು, ಅವಳಿಗೆ ಅವತ್ತೇ ತಿಳಿದದ್ದು.

"ಗದ್ದಿಗ್ಯಾಗ ಇದ್ದವರ ಹೆಸರು ಅಂದ್ರಿ" ಎಂದ ಬೀರೇಶ. "ಅಲ್ಲೇ ಅದ, ನೋಡ್ಕೋ ಅಂದ್ರಿ."

"ನೋಡೀದೇನು?"

"ಭಾಳ ಬಿಸಿಲಿತ್ತವ್ವಾ. ಗಾಡಿ ರೋಡಿಗಿತ್ತು. ಮಿಲ್ಲಿನ ಗೇಟಿಗಿ ಬಂದು ಕಾಟಾದಾಂವನ್ನ ಕೇಳಿದ್ನಿ. ನುಚ್ಚಿನೋರ ಕ್ಯಾಂಪ್ ಅಂದ. ಎಲ್ಲಾರೂ ಹಂಗಽ ಅಂತಾರ ಅಂದ. ಬರಕೊಂಡೆ."

ಅಕ್ಕಿ ಮೂಟೆ ತೂಗುವವನ ಬಾಯಿಂದ ಒಂದು ಊರಿನ ಹೆಸರು! ಭವನದಲ್ಲಿ ಯಾರೋ ನಕ್ಕರು. ಅಧಿಕಾರಿ ನಗಲಿಲ್ಲ. "ಬ್ಯಾರೆ ಹೆಸರಿಲ್ಲಂತ ಬರ್ದು ಈಕೀ ಕಡೆ ಹೆಬ್ಬೆಟ್ಟು ಒತ್ತಿಸೀರಲ್ರಿ, ಅದು?"

"ಹೆಬ್ಬೆಟ್ಟು ಮೊದಲ ಒತ್ತಿಸಿದ್ನಿರಿ. ಕಾಲಮ್ ಆಮ್ಯಾಲ ತುಂಬಿದ್ನಿ."

ಶೈಲಶ್ರೀ ಕುರ್ಚಿಯಿಂದ ಎದ್ದದ್ದು ಕುರ್ಚಿ ಹಿಂದಕ್ಕೆ ಬಿದ್ದಾಗಲೇ ಎಲ್ಲರಿಗೂ ತಿಳಿದದ್ದು. "ನಿಮ್ಮ ನೋಟೀಸಿನಾಗ ಸ್ಥಳ ಪರಿಶೀಲನೆ ಮಾಡಿ ಅಂತ ಬರ್ದೀರಿ. ಯಾರು ಮಾಡಿದ್ರು ಪರಿಶೀಲನೆ? ಕಾಟಾದಾಂವ ಏನು? ನನ್ನ ಹೇಳಿಕಿ ಬರಂಗಿಲ್ಲ ಅಂದ್ರಿ, ಅವನದು ಹೆಂಗ ಬಂತ್ರಿ?"

"ಕೂಡ್ರಿ ಮೇಡಂ" ಎಂದಳು ಅಧಿಕಾರಿ. ಆದರೆ ಕಣ್ಣು ಹಂಪಮ್ಮನ ಮೇಲಿತ್ತು. "ಯವ್ವಾ, ಅವಾ ಮಾಡಿದ್ದು ತಪ್ಪೇ. ಈಗರೆ ಒಂದು ಮಾತು ಹೇಳ್ರಿ, ಬರಕೊಂತೀನಿ, ಮುಗೀತದ."

"ಅವನ ಕಾಲು ಸುಡ್ತಾವಂತ ನಾ ಯಾಕ ನನ್ನ ನೇಮ ಬಿಡ್ಲಿ?" ಎಂದಳು ಹಂಪಮ್ಮ. "ಹೇಳೋದು ಹೇಳೀನಿ. ಇವತ್ತೂ ಬಿಸಿಲದ. ಎದ್ದು ಬರ್ರಿ."

ಅಧಿಕಾರಿ ಮತ್ತೊಮ್ಮೆ ಗಡಿಯಾರ ನೋಡಿದಳು. ಆಮೇಲೆ, ಯಾಕೋ, ಪೆನ್ನನ್ನು ಚೀಲಕ್ಕೆ ಹಾಕಿ ಎದ್ದಳು. "ಜೀಪು ತೆಗಿಯಾಕ ಹೇಳ್ರಿ" ಎಂದು ಬೀರೇಶನಿಗೆ ಸಿಡುಕಿದಳು.

ಜೀಪು ಕಾಲುವೆಯ ಈಚೆಗೇ ನಿಂತಿತು. ಅಲ್ಲಿಂದ ನಡೆದರು. ಬೇವಿನ ನೆರಳು ನಡುಹಗಲಿಗೆ ಬುಡಕ್ಕೆ ಸೇರಿತ್ತು. ಅಧಿಕಾರಿ ಚಪ್ಪಲಿ ಬಿಟ್ಟು ಗದ್ದಿಗೆಯ ಮುಂದೆ ನಿಂತಳು, ಬಗ್ಗಿ ನೋಡಿದಳು, ಸುತ್ತು ಹಾಕಿದಳು. ಗದ್ದಿಗೆಯ ತಲೆಗೊಂದು ಕಲ್ಲು. ಅದರ ಮೇಲೆ ದಪ್ಪನೆಯ ಬಿಳೀ ಸುಣ್ಣ, ವಿಭೂತಿ, ಒಣಗಿದ ಹೂವು.

"ಎಲ್ಲದ ಹೆಸರು?" ಎಂದಳು.

ಬೀರೇಶನ ಮುಖಕ್ಕೆ ಜೀವ ಬಂತು. "ಅದಽ ಅಂತೀನ್ರಿ ನಾನು. ಏನೂ ಇಲ್ಲ ಇಲ್ಲಿ. ನಾ ಬಂದು ನೋಡಿದ್ರೂ ಅಷ್ಟೇ ಆಗ್ತಿತ್ತು."

ಶೈಲಶ್ರೀ ಸುಣ್ಣದ ಕಲ್ಲನ್ನು ದಿಟ್ಟಿಸಿದಳು. ಗದ್ದಿಗೆ ತೋರಿಸಿ ಅವ್ವ ಹೇಳಿದ್ದು ಹಿರಿಯನ ಗುರುತು ಎಂದಷ್ಟೇ ಅವಳು ತಿಳಿದಿದ್ದಳು. ಆ ಕಲ್ಲಿನಲ್ಲಿ ಅಕ್ಷರ ಇರಬಹುದೆಂದು ಅವಳಿಗೆ ಹೊಳೆದೇ ಇರಲಿಲ್ಲ. ರಾಯಚೂರು ಕೋಟೆಯ ಒಂದೊಂದು ಶಾಸನಕ್ಕೂ ಹುಡುಗರನ್ನು ಕರೆದುಕೊಂಡು ಹೋಗಿ ತೋರಿಸಿದವಳು. ಈ ಕಲ್ಲಿಗೆ ಮಾತ್ರ ಪ್ರತಿ ದೀಪಾವಳಿಗೆ ಬಕೀಟು ಹಿಡಿದು ಸುಣ್ಣ ಬಳಿದವಳು.

ಬಳಿದವಳು ಅವಳೊಬ್ಬಳೇ ಅಲ್ಲ. ಊರಿನ ಹೆಂಗಸರೆಲ್ಲ. ಹೆಸರು ಬಾಯಿಂದ ಆಡುವಂತಿಲ್ಲ, ಆದ್ದರಿಂದ ಕೈಯಿಂದ ಸೇವೆ. ಹಬ್ಬ ಬಂತೆಂದರೆ ತಾನು ಮುಂದು ತಾನು ಮುಂದು ಎಂದು ಒಂದು ಪದರದ ಮೇಲೆ ಇನ್ನೊಂದು ಪದರ. ಭಕ್ತಿ ಹೆಚ್ಚಾದಷ್ಟೂ ಕಲ್ಲು ನುಣ್ಣಗಾಯಿತು. ಹಿರಿಯನ ಹೆಸರನ್ನು ಮುಚ್ಚಿದವರು ಹೊರಗಿನವರಲ್ಲ, ಆತನ ಸೊಸೆಯಂದಿರು.

ಹಂಪಮ್ಮ ಯಾರ ಮುಖವನ್ನೂ ನೋಡಲಿಲ್ಲ. ಮನೆಗೆ ಹೋಗಿ ಕಳೆ ತೆಗೆಯುವ ಕುರ್ಪಿ ತಂದಳು. ಗದ್ದಿಗೆಗೆ ಹಣೆ ಮುಟ್ಟಿಸಿದಳು. ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು, ನಡುವಿಗಿಂತ ತುಸು ಮೇಲೆ ಕುರ್ಪಿಯ ಅಂಚು ಇಟ್ಟು ಕೆರೆಯತೊಡಗಿದಳು.

ಓದು ಬಾರದವಳು. ಆದರೆ ಎಲ್ಲಿ ಕೆರೆಯಬೇಕೆಂದು ಗೊತ್ತಿತ್ತು. "ನಾ ಮದಿವ್ಯಾಗಿ ಬಂದ ವರ್ಷ ಕೆತ್ತಿದ್ರು" ಎಂದಳು ಕೆರೆಯುತ್ತಲೇ. "ದೇವದುರ್ಗದಿಂದ ಕಲ್ಲುಕುಟಿಗ್ಯಾ ಬಂದಿದ್ದ. ಅವನಿಗಿ ರೊಟ್ಟಿ ತಂದು ಕೊಡೋದು ನನ್ನ ಕೆಲಸ. ಇಲ್ಲೇ ಕೂತು ನೋಡಿದ್ನಿ."

ಸುಣ್ಣ ಹಪ್ಪಳ ಹಪ್ಪಳವಾಗಿ ಬಿತ್ತು. ಕೆಳಗೆ ಇನ್ನೊಂದು ಪದರ, ಅದರ ಕೆಳಗೆ ನೀಲಿ ಬೆರೆಸಿದ್ದೊಂದು, ಅದರ ಕೆಳಗೆ ಹಳದಿ ತಿರುಗಿದ್ದು. ಅವಳ ಬೆರಳಿಗೆ ತರಚಿ ರಕ್ತ ಬಂತು. "ಕೊಡಬೇ, ನಾ ಕೆರಿತೀನಿ" ಎಂದು ದುರುಗೇಶ ಕೈಚಾಚಿದ. "ಯಾವುದಾದ್ರೂ ನಡೀತದ ಅಂದಾಂವ ನೀ. ಸರಿ" ಎಂದಳು. ಅವನು ಸರಿದು ನಿಂತ. ಹೆಂಗಸರು ಒಬ್ಬೊಬ್ಬರಾಗಿ ಬಂದು ಸುತ್ತ ಕೂತು ಬಿದ್ದ ಸುಣ್ಣವನ್ನು ಸೆರಗಿಗೆ ತುಂಬಿಕೊಳ್ಳತೊಡಗಿದರು. ದೇವರ ಸುಣ್ಣ, ಕಾಲಡಿ ಬೀಳಬಾರದು.

ಕರೀ ಕಲ್ಲು ಕಂಡಿತು. ಕಲ್ಲಿನಲ್ಲಿ ಸುಣ್ಣ ತುಂಬಿ ಬೆಳ್ಳಗಾಗಿದ್ದ ಗೆರೆ ಕಂಡಿತು. ಮೊದಲು ಒಂದು ಅ, ಅದರ ಪಕ್ಕ ಸೊನ್ನೆ. ಹಂಪಮ್ಮ ಕೆರೆಯುವುದನ್ನು ಬಿಟ್ಟು ಹಿಂದೆ ಸರಿದಳು. ಅಧಿಕಾರಿ ಮಂಡಿಯೂರಿ ಕೂತು, ಕೈಯಿಂದ ಪುಡಿ ಒರೆಸಿ, ಎರಡನೇ ತರಗತಿಯ ಹುಡುಗಿಯ ಹಾಗೆ ಅಕ್ಷರ ಕೂಡಿಸಿ ಓದಿದಳು.

"ಅಂ... ಬ... ಣ್ಣ... ನ. ದೊ... ಡ್ಡಿ. ಅಂಬಣ್ಣನ ದೊಡ್ಡಿ."

ಹೆಂಗಸರೆಲ್ಲ ಒಮ್ಮೆಲೇ ಕಿವಿಯ ಮೇಲೆ ಸೆರಗು ಎಳೆದುಕೊಂಡರು. ಕೆಲವರು ಸೆರಗಿನೊಳಗೇ ಅಳುತ್ತಿದ್ದರು. ಅಧಿಕಾರಿ ಅಲ್ಲೇ ನೆಲದ ಮೇಲೆ ಕೂತು ಬರೆದುಕೊಂಡಳು, ಕಲ್ಲಿನ ಫೋಟೋ ತೆಗೆದಳು, ನೋಟೀಸಿನ ಮೇಲಿದ್ದ ಹೆಸರಿಗೆ ಅಡ್ಡಗೆರೆ ಎಳೆದಳು. ಹಂಪಮ್ಮನನ್ನು ಕರೆದು, ಬರೆದದ್ದನ್ನು ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿ, ಆಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡಳು.

ಶೈಲಶ್ರೀ ನಿಂತೇ ಇದ್ದಳು. ತಲೆಯೊಳಗೆ ಆ ದೂರದ ಗುಡ್ಡದ ಜನ. ನೀವು ಯಾರು ಎಂದು ಕೇಳಿದವನಿಗೆ ಅವರೂ ಏನಾದರೂ ತೋರಿಸಿರಬಹುದೇ? ಒಂದು ಕಲ್ಲು, ಒಂದು ದಿಬ್ಬ, ಒಂದು ಉಂಗುರ? ಬಿಸಿಲೆಂದು ಅವನು ಹೋಗಿ ನೋಡಿರಲಿಕ್ಕಿಲ್ಲ. ವರ್ಷವರ್ಷವೂ ಹುಡುಗರಿಗೆ ಬರೆಸಿದ ಆ ಮಾತು ಈ ಕಲ್ಲಿನ ಮುಂದೆ ನಿಲ್ಲಲಿಲ್ಲ. ಇಷ್ಟು ದಿನ ಸಿಟ್ಟು ಮಾಡಿದ್ದರಲ್ಲಿ ಅರ್ಧವನ್ನು ತಪ್ಪು ಮಂದಿಯ ಮೇಲೆ ಮಾಡಿದ್ದಳು.

ಬೀರೇಶ ಕರೀ ಕನ್ನಡಕ ಮತ್ತೆ ಏರಿಸಿಕೊಂಡು ಹತ್ತಿರ ಬಂದ. ದೊಡ್ಡ ಉಪಕಾರ ಮಾಡುವವನ ಹಾಗೆ ನಕ್ಕ. "ಇಷ್ಟಽ ನೋಡವ್ವಾ. ಮೊದಲಽ ಹೇಳಿದ್ರ ಇಷ್ಟೆಲ್ಲಾ ತ್ರಾಸ ಆಗ್ತಿದ್ದಿಲ್ಲ."

ಶೈಲಶ್ರೀ ಬಾಯಿ ತೆರೆದಳು. ಅವನಿಗೆ ಅವತ್ತು ಕಾದಿತ್ತು. ಅಷ್ಟರಲ್ಲಿ ಹಂಪಮ್ಮ ಕುರ್ಪಿಯನ್ನು ನೆಲಕ್ಕಿಟ್ಟು ಎದ್ದಳು.

"ಹೇಳಿದ್ದೆ, ತಮ್ಮಾ" ಎಂದಳು. ಆಮೇಲೆ ಮಗಳ ಕಡೆ ತಿರುಗಿ, ನಿನ್ನೆಯಿಂದೀಚೆಗಿನ ಮೊದಲ ಮಾತನ್ನು ಆಡಿದಳು. "ನಿನಗೂ ಹೇಳಿದ್ದೆ."

ಮತ್ತೇನೂ ಹೇಳದೆ, ಸುಣ್ಣದ ಕೈ ತೊಳೆಯಲು ಕಾಲುವೆಯ ಕಡೆ ನಡೆದಳು.